ಎರಡನೇ ಕೀಲು

ಅಜ್ಜಂಪುರದಿಂದ ಬೆಳಿಗ್ಗೆ ಆರೂಮುಕ್ಕಾಲಿಗೆ ಹೊರಡುವ ಬಸ್ಸಿನಲ್ಲಿ ದೀಪಶ್ರೀಗೆ ಕೂರಲು ಜಾಗ ಸಿಕ್ಕ ದಿನಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಊರು ತಾಲ್ಲೂಕು ಕೇಂದ್ರವಾದ ಮೇಲೆ ಓಡಾಡುವ ಜನ ಹೆಚ್ಚಿದರೇ ಹೊರತು ಬಸ್ಸು ಹೆಚ್ಚಲಿಲ್ಲ. ಬೀರೂರಿನ ತನಕ ಕಂಬಿ ಹಿಡಿದು ನಿಂತು, ಅಲ್ಲಿಳಿದು ಇನ್ನೊಂದು ಬಸ್ಸು ಹತ್ತಿ, ಕಡೂರಿನಲ್ಲಿ ಇಳಿಯುವ ಹೊತ್ತಿಗೆ ಅವಳ ಸೊಂಟಕ್ಕೆ ಅರ್ಧ ದಿನದ ಕೆಲಸ ಮುಗಿದ ಹಾಗಾಗಿರುತ್ತಿತ್ತು. ಕಾಲ ಬಳಿ ಒಂದು ನೀಲಿ ಡಬ್ಬ, ಅದರೊಳಗೆ ಐಸ್ ಪೊಟ್ಟಣಗಳು. ಮೊದಮೊದಲು ಕಂಡಕ್ಟರು "ಏನ್ರೀ ಅದು, ಐಸ್‌ಕ್ರೀಮಾ?" ಅಂತ ಕೇಳುತ್ತಿದ್ದ. ಆಮೇಲಾಮೇಲೆ ಕೇಳುವುದನ್ನು ಬಿಟ್ಟು ಕಾಲಿನಿಂದಲೇ ಅದನ್ನು ಸೀಟಿನಡಿಗೆ ತಳ್ಳಿ ಮುಂದೆ ಹೋಗುತ್ತಿದ್ದ.

ಅವಳಿಗೆ ನಲವತ್ತಮೂರು ವರ್ಷ. ಹನ್ನೊಂದು ವರ್ಷ ಅಜ್ಜಂಪುರದ ಪೇಟೆಯಲ್ಲೇ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಇದ್ದಳು. ಅದರ ಮಾಲೀಕರು ಕಣ್ಣು ಮಂಜಾಗಿ ಅಂಗಡಿ ಮುಚ್ಚಿದ ಮೇಲೆ ಆರು ತಿಂಗಳು ಮನೆಯಲ್ಲಿ ಕೂತಳು. ಆಗ ಗೊತ್ತಾದದ್ದು ಡಾಕ್ಟರ್ ರುದ್ರಮೂರ್ತಿಯವರ ವಿಷಯ. ದೊಡ್ಡ ಆಸ್ಪತ್ರೆಗಳಲ್ಲಿ ಮೂಳೆ ಡಾಕ್ಟರಾಗಿದ್ದು ನಿವೃತ್ತರಾದ ಅವರು ತಮ್ಮ ಊರಾದ ಕಡೂರಿಗೆ ವಾಪಸು ಬಂದು, ಒಂದು ಟ್ರಸ್ಟಿನ ನೆರವಿನಿಂದ ಎರಡು ಕೋಣೆಯ ಸಂಶೋಧನಾ ಲ್ಯಾಬು ತೆರೆದಿದ್ದರು. ಕೈ ನಡುಗದ, ಮೈಕ್ರೋಸ್ಕೋಪು ನೋಡಿ ಗೊತ್ತಿರುವ ಒಬ್ಬರು ಬೇಕಿತ್ತು. ವರ್ಷ ವರ್ಷಕ್ಕೆ ನವೀಕರಿಸುವ ಕರಾರಿನ ಮೇಲೆ ದೀಪಶ್ರೀ ಸೇರಿಕೊಂಡಳು.

ಅಲ್ಲಿಯ ಕೆಲಸ ಏನೆಂದು ಮನೆಯಲ್ಲಿ ಹೇಳಲು ಅವಳಿಗೆ ಒಂದು ವಾರ ಬೇಕಾಯಿತು. ನಮ್ಮ ಕೀಲುಗಳಲ್ಲಿ ಮೂಳೆಯ ತುದಿಗೆ ಅಂಟಿಕೊಂಡು ಬೆಳ್ಳಗೆ, ನುಣ್ಣಗೆ ಒಂದು ಪದರ ಇರುತ್ತದೆ, ಮೃದ್ವಸ್ಥಿ, ಡಾಕ್ಟರುಗಳು ಕಾರ್ಟಿಲೇಜ್ ಎನ್ನುವುದು. ಮಂಡಿ ಸವೆಯಿತು ಎನ್ನುವುದು ಅದು ಸವೆದಾಗಲೇ. ಒಮ್ಮೆ ಸವೆದರೆ ಚರ್ಮದ ಹಾಗೆ ಮತ್ತೆ ಬೆಳೆಯುವುದಿಲ್ಲ. ಅದರೊಳಗಿನ ಜೀವಕೋಶಗಳನ್ನು ಬಿಡಿಸಿ, ಗಾಜಿನ ಪಾತ್ರೆಯಲ್ಲಿ ಬೆಳೆಸಿ, ಹೊಸ ಮೃದ್ವಸ್ಥಿಯ ತೇಪೆಯೊಂದನ್ನು ಮಾಡಬಹುದೇ ಎಂಬುದು ಡಾಕ್ಟರ ಪ್ರಶ್ನೆ. ಮನುಷ್ಯರ ತನಕ ಹೋಗುವ ಮೊದಲು ಕುರಿಯ ಮಂಡಿಯಲ್ಲಿ ಕಲಿಯಬೇಕಿತ್ತು. ಕುರಿಯ ಮಂಡಿ ಎಂದರೆ ಮಾಂಸದಂಗಡಿ. ದೀಪಶ್ರೀಯದು ಲಿಂಗಾಯತರ ಮನೆ, ಅತ್ತೆ ವಿಶಾಲಾಕ್ಷಮ್ಮ ಲಿಂಗಪೂಜೆ ಮಾಡದೆ ನೀರು ಮುಟ್ಟದವರು.

ಕೊನೆಗೊಂದು ದಿನ ಹೇಳಿಯೇಬಿಟ್ಟಳು. ವಿಶಾಲಾಕ್ಷಮ್ಮ ತಮ್ಮ ಎರಡೂ ಮಂಡಿಗಳನ್ನು ಉಜ್ಜಿಕೊಳ್ಳುತ್ತಾ ಎಲ್ಲವನ್ನೂ ಕೇಳಿಸಿಕೊಂಡರು.

"ತಿನ್ನೋದಕ್ಕೆ ಅಲ್ಲವಲ್ಲ?" ಎಂದರು.

"ಅಲ್ಲತ್ತೆ."

"ಮಠದ ಕಡೆ ಯಾರಾದ್ರೂ ಕೇಳಿದ್ರೆ ಲ್ಯಾಬು ಅನ್ನು, ಸಾಕು. ಮಿಕ್ಕಿದ್ದು ಬೇಡ."

ಅಷ್ಟೇ ಮಾತು. ಮರುದಿನದಿಂದ ಅವಳು ಸಂಜೆ ಬರುವ ಹೊತ್ತಿಗೆ ಹಿತ್ತಲ ಬಚ್ಚಲಲ್ಲಿ ನೀರು ಕಾದಿರುತ್ತಿತ್ತು. ಮಿಂದು ಸೀರೆ ಬದಲಿಸಿಯೇ ಒಳಗೆ ಬರುವುದು. ಐಸ್ ಪೊಟ್ಟಣಗಳಿಗೆ ಫ್ರಿಜ್ಜಿನಲ್ಲಿ ಜಾಗ ಕೇಳಿದಾಗ ಮಾತ್ರ ಅತ್ತೆ ಸ್ವಲ್ಪ ಯೋಚಿಸಿ, "ಬರೀ ನೀರಲ್ವೇನೇ, ಇಡು" ಎಂದಿದ್ದರು. ಗಂಡ ಕಾಂತರಾಜ್ ತರೀಕೆರೆ ರೂಟಿನ ಖಾಸಗಿ ಬಸ್ಸಿನ ಡ್ರೈವರು. ಅವನು ಈ ವಿಷಯದಲ್ಲಿ ಬಾಯಿ ಹಾಕಲಿಲ್ಲ.

ವಾರಕ್ಕೆ ಎರಡು ದಿನ, ಸೋಮವಾರ ಮತ್ತು ಗುರುವಾರ, ಕೀಲು ಕತ್ತರಿಸುವ ಸರದಿ. ಕಡೂರಿನ ಮಾಂಸದಂಗಡಿ ಸಾಲಿನಲ್ಲಿ ಜವರಮ್ಮ ಎಂಬಾಕೆ ತಲೆ-ಕಾಲು ಮಾರುತ್ತಿದ್ದಳು. ಐವತ್ತು ದಾಟಿದ ಗಟ್ಟಿ ಹೆಂಗಸು. ಎಮ್ಮೆದೊಡ್ಡಿ ಕಡೆಯಿಂದ ಬಂದ ಕುರಿಯನ್ನು ದೀಪಶ್ರೀ ಬರುವ ಹೊತ್ತಿಗೆ ಸರಿಯಾಗಿ ಕೊಯ್ಯಿಸಿ, ಹಿಂಗಾಲಿನ ಎರಡು ಮಂಡಿಗಳನ್ನು ಕೀಲು ಬಿಚ್ಚದಂತೆ ಮೇಲೂ ಕೆಳಗೂ ಕಡಿದು ಕೊಡುತ್ತಿದ್ದಳು. ದೀಪಶ್ರೀ ಅವನ್ನು ಡಬ್ಬಕ್ಕೆ ಹಾಕಿಕೊಂಡು ಲ್ಯಾಬಿಗೆ ನಡೆಯುತ್ತಿದ್ದಳು.

ಅಲ್ಲಿ ಹುಡ್ಡು ಎಂದು ಕರೆಯುವ, ಸೋಸಿದ ಗಾಳಿ ಬೀಸುವ ಗಾಜಿನ ಬಾಗಿಲಿನ ಪೆಟ್ಟಿಗೆಯೊಳಗೆ ಕೈಯಿಟ್ಟು, ಕೀಲು ಬಿಚ್ಚಿ, ಮೂಳೆಯ ತುದಿಯ ಬಿಳಿ ಪದರವನ್ನು ಬ್ಲೇಡಿನಿಂದ ಹೆರೆದು ತೆಗೆಯಬೇಕು. ಹೆರೆದದ್ದನ್ನು ಬನ್ಸಿ ರವೆಯಷ್ಟು ಸಣ್ಣಗೆ ಕೊಚ್ಚಬೇಕು. ಒಂದು ಕೀಲಿಗೆ ಒಂದೂವರೆ ತಾಸು. ಎರಡು ಕೀಲಿಗೆ ಎರಡು ಬೇರೆ ಬೇರೆ ಕೊಳವೆ. ಅವಕ್ಕೆ ಕಿಣ್ವ ಹಾಕಿ ಮೈಶಾಖದಲ್ಲಿ ಇಡೀ ರಾತ್ರಿ ಅಲುಗಾಡುವ ಯಂತ್ರದಲ್ಲಿಟ್ಟರೆ, ಬೆಳಗಾಗುವಷ್ಟರಲ್ಲಿ ಬಿಳಿ ಚೂರುಗಳು ಕರಗಿ ಒಳಗಿನ ಜೀವಕೋಶಗಳು ಹೊರಬಂದಿರುತ್ತವೆ. ಸೋಸಿ, ತೊಳೆದು, ನೀಲಿ ಬಣ್ಣ ಬೆರೆಸಿ ಮೈಕ್ರೋಸ್ಕೋಪಿನಡಿ ಎಣಿಸುವುದು. ನೀಲಿ ಕುಡಿದವು ಸತ್ತವು, ಹೊಳೆಯುವವು ಬದುಕಿದವು. ಒಂದು ಗ್ರಾಂ ಮೃದ್ವಸ್ಥಿಗೆ ಎಷ್ಟು ಲಕ್ಷ ಎಂದು ದಪ್ಪ ನೋಟ್‌ಬುಕ್ಕಿನಲ್ಲಿ ಬರೆಯುವುದು ದೀಪಶ್ರೀಯ ಕೆಲಸ.

ಮೊದಲ ವರ್ಷ ಲೆಕ್ಕ ಚೆನ್ನಾಗಿತ್ತು. ಎರಡನೇ ವರ್ಷದ ಕೊನೆಗೆ ಇಳಿಯತೊಡಗಿತು. ಅದೂ ಒಂದು ವಿಚಿತ್ರ ರೀತಿಯಲ್ಲಿ. ಮೊದಲನೇ ಕೊಳವೆಯಲ್ಲಿ ಗ್ರಾಂಗೆ ಮೂವತ್ತು ಲಕ್ಷ ಬಂದರೆ, ಎರಡನೆಯದರಲ್ಲಿ ಹದಿನೆಂಟು, ಕೆಲವು ಸಲ ಹದಿನಾಲ್ಕು. ಕುರಿ ಒಂದೇ, ಕಿಣ್ವ ಒಂದೇ, ಯಂತ್ರ ಒಂದೇ. ಯೋಜನೆಗೆ ಹಣ ಕೊಡುವವರಿಗೆ ಮಾರ್ಚಿಯೊಳಗೆ ವರದಿ ಕಳಿಸಬೇಕಿತ್ತು. ಸಂಶೋಧನೆಯ ಉಸ್ತುವಾರಿ ಕೃತಿಕಾಳದು. ಪಿಎಚ್‌ಡಿ ಮಾಡುತ್ತಿದ್ದ, ಬೀರೂರಿನಲ್ಲಿ ಬಾಡಿಗೆ ಕೋಣೆ ಹಿಡಿದಿದ್ದ ಹುಡುಗಿ. ಅವಳು ಕಿಣ್ವದ ಬಾಟಲಿ ಬದಲಿಸಿದಳು, ಉಷ್ಣತೆ ಅಳೆದಳು, ಜರಡಿ ಬದಲಿಸಿದಳು. ಏನು ಮಾಡಿದರೂ ಎರಡನೇ ಕೀಲು ಮಾತ್ರ ಮೇಲೇಳಲಿಲ್ಲ.

ಡಾಕ್ಟರ್ ರುದ್ರಮೂರ್ತಿ ಒಂದು ಸಂಜೆ ನೋಟ್‌ಬುಕ್ಕು ತಿರುವಿ ಹಾಕಿ ಕನ್ನಡಕ ತೆಗೆದರು. "ಆ ಹೆಂಗಸು ಒಂದು ಹೊಸದು ಕೊಟ್ಟು, ಇನ್ನೊಂದು ಹಿಂದಿನ ದಿನದ್ದು ಕೊಡ್ತಾ ಇರಬೇಕು. ಬೇರೆ ಹೇಗೆ ಹೀಗಾಗುತ್ತೆ? ನೀವು ಸ್ವಲ್ಪ ಖಡಕ್ಕಾಗಿ ಕೇಳಿ, ದೀಪಶ್ರೀ."

ಗುರುವಾರ ಅವಳು ಕೇಳಿದಳು. ಖಡಕ್ಕಾಗಿ ಕೇಳುವುದು ಅವಳಿಗೆ ಬರುತ್ತಿರಲಿಲ್ಲ, ಆದರೂ ಮಾತು ಮಾತೇ. ಜವರಮ್ಮ ಮಚ್ಚು ಕೆಳಗಿಟ್ಟಳು.

"ನಿಮ್ ಕಣ್ಮುಂದೇನೇ ಒಂದೇ ಕುರೀದು ಎರಡೂ ಕಾಲು ಕಡ್ದು ಕೊಡ್ತೀನಲ್ಲವ್ವಾ? ನೀವೇ ನಿಂತ್ಕೊಂಡು ನೋಡ್ತೀರಲ್ಲ?"

"ಡಾಕ್ಟ್ರು ಕೇಳಿದ್ರು, ಅದಕ್ಕೆ."

"ಡಾಕ್ಟ್ರು ಇಲ್ಲಿಗೆ ಬಂದವ್ರಾ? ನೀವು ಬಂದೋರು. ನೀವೇ ಅವ್ರಿಗೆ ಯೋಳ್ಬೇಕಿತ್ತು."

ದೀಪಶ್ರೀ ಡಬ್ಬ ಎತ್ತಿಕೊಂಡು ಹೊರಟಳು. ತಾನು ನಿಂತು ನೋಡುತ್ತಿದ್ದುದು ನಿಜವಾದರೂ, ಹೆಚ್ಚಿನ ದಿನ ಮುಖ ಆಚೆ ತಿರುಗಿಸಿಕೊಂಡೇ ನಿಂತಿರುತ್ತಿದ್ದಳು. ಮುಂದಿನ ವಾರ ಡಾಕ್ಟರು ಬೀರೂರಿನ ಬೇರೊಬ್ಬನನ್ನು ಗೊತ್ತು ಮಾಡಿದರು. ಮೂರು ವಾರ ಅಲ್ಲಿಂದ ಮಂಡಿಗಳು ಬಂದವು. ಮೊದಲನೆಯದು ಇಪ್ಪತ್ತೆಂಟು, ಎರಡನೆಯದು ಹದಿನೈದು. ಡಾಕ್ಟರು ಈ ಸಲ ಕುರಿಯ ತಳಿಯನ್ನು ದೂರಿದರು.

ಆ ಹೊತ್ತಿಗೆ ವಿಶಾಲಾಕ್ಷಮ್ಮನ ಬಲ ಮಂಡಿ ತೀರಾ ಕೈಕೊಟ್ಟಿತು. ಪೂಜೆಗೆ ಕೂತರೆ ಏಳಲು ಇಬ್ಬರು ಬೇಕು. ರಜೆ ಹಾಕಿ ದೀಪಶ್ರೀ ಅವರನ್ನು ಗಂಡನ ಬಸ್ಸಿನಲ್ಲೇ ತರೀಕೆರೆಗೆ ಕರೆದುಕೊಂಡು ಹೋದಳು. ಅಲ್ಲಿ ವಾರಕ್ಕೊಮ್ಮೆ ಬಂದು ನೋಡುವ ಮೂಳೆ ಡಾಕ್ಟರೊಬ್ಬರಿದ್ದರು. ಅವರು ಅತ್ತೆಯ ಮಂಡಿ ಮಡಿಚಿ ಬಿಡಿಸಿ, ಫೋಟೊ ನೋಡಿ, ಬದಲಿ ಕೀಲು ಹಾಕಿಸುವುದೇ ಒಳ್ಳೆಯದು ಎಂದರು. ಎಕ್ಸ್‌ರೇ ಇದ್ದ ದೊಡ್ಡ ಕವರನ್ನು ದೀಪಶ್ರೀಯ ಕೈಗೆ ಕೊಟ್ಟಾಗ ಅದು ಅವಳ ಹೆಬ್ಬೆರಳಿನ ಸಂದಿಯಿಂದ ಜಾರಿ ಕೆಳಗೆ ಬಿತ್ತು. ಎತ್ತಿಕೊಳ್ಳಲು ಹೋದಾಗ ಮತ್ತೆ ಜಾರಿತು.

"ಕೈ ತೋರ್ಸಿ" ಎಂದರು ಡಾಕ್ಟರು. ಹೆಬ್ಬೆರಳಿನ ಬುಡವನ್ನು ಒತ್ತಿ ತಿರುಗಿಸಿದರು. ದೀಪಶ್ರೀಯ ಕಣ್ಣಲ್ಲಿ ನೀರು ಬಂತು.

"ಎಷ್ಟು ದಿನದಿಂದ ಹೀಗೆ?"

"ವರ್ಷದ ಮೇಲಾಯ್ತು ಸಾರ್. ಬೆಳಿಗ್ಗೆ ಚೆನ್ನಾಗಿರುತ್ತೆ. ಮಧ್ಯಾಹ್ನದ ಹೊತ್ತಿಗೆ ಹಿಡಿಯೋಕಾಗಲ್ಲ."

"ಏನು ಕೆಲಸ ಮಾಡ್ತೀರಿ?"

"ಕಾರ್ಟಿಲೇಜ್ ಕತ್ತರಿಸ್ತೀನಿ. ಲ್ಯಾಬಲ್ಲಿ."

ಡಾಕ್ಟರಿಗೆ ನಗು ಬಂತು. ಅವಳ ಮುಖ ನೋಡಿ ನಿಲ್ಲಿಸಿದರು. ಕೈಯ ಎಕ್ಸ್‌ರೇ ತೆಗೆಸಿದಾಗ ಗೊತ್ತಾಯಿತು, ಬಲಗೈ ಹೆಬ್ಬೆರಳಿನ ಬುಡದ ಕೀಲಿನಲ್ಲಿ ಮೃದ್ವಸ್ಥಿ ಅರ್ಧದಷ್ಟು ಸವೆದಿತ್ತು. ಬೆಲ್ಟು ಕಟ್ಟಿ, ಬ್ಲೇಡು ಹಿಡಿಯುವುದು ಕಡಿಮೆ ಮಾಡಿ ಎಂದು ಚೀಟಿ ಬರೆದುಕೊಟ್ಟರು.

ಬಸ್‌ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ಅತ್ತೆ ಸೊಸೆ ಇಬ್ಬರೂ ಕೂತರು. ಕಾಂತರಾಜನ ಬಸ್ಸು ಬರಲು ಇನ್ನೂ ಮುಕ್ಕಾಲು ಗಂಟೆ ಇತ್ತು. ಎರಡು ಎಕ್ಸ್‌ರೇ ಕವರನ್ನೂ ವಿಶಾಲಾಕ್ಷಮ್ಮ ತಮ್ಮ ತೊಡೆಯ ಮೇಲಿಟ್ಟುಕೊಂಡಿದ್ದರು.

"ಹೇಳಬಾರದೇನೇ? ರೊಟ್ಟಿ ತಟ್ಟಬೇಕಾದ್ರೆ ಎಡಗೈಲಿ ತಟ್ತಾ ಇದ್ದೆ. ಏನೋ ಹೊಸ ಅಭ್ಯಾಸ ಅನ್ಕೊಂಡೆ."

"ನಿಮ್ಮದೇ ಜಾಸ್ತಿ ಆಗಿತ್ತಲ್ಲ ಅತ್ತೆ."

ಅವಳ ಮನಸ್ಸು ಅಲ್ಲಿರಲಿಲ್ಲ. ಬೆಳಿಗ್ಗೆ ಚೆನ್ನಾಗಿರುತ್ತೆ, ಮಧ್ಯಾಹ್ನದ ಹೊತ್ತಿಗೆ ಹಿಡಿಯೋಕಾಗಲ್ಲ ಅಂತ ತಾನೇ ಆಡಿದ ಮಾತು ಕಿವಿಯಲ್ಲಿ ಉಳಿದಿತ್ತು. ಮೊದಲನೇ ಕೀಲನ್ನು ಅವಳು ಕತ್ತರಿಸುತ್ತಿದ್ದುದು ಬೆಳಿಗ್ಗೆ ಒಂಬತ್ತಕ್ಕೆ. ಎರಡನೆಯದು ಮುಗಿಯುವುದು ಒಂದು ಗಂಟೆಯ ಹತ್ತಿರ. ಎರಡನೆಯದರ ಚೂರುಗಳು ಕೊನೆಕೊನೆಗೆ ರವೆಯಾಗಿರದೆ ಅವಲಕ್ಕಿಯಾಗಿರುತ್ತಿದ್ದವು. ಅದು ಅವಳಿಗೆ ಗೊತ್ತಿತ್ತು. ಮರುದಿನ ಸೋಸುವಾಗ ಜರಡಿಯ ಮೇಲೆ ಕರಗದೆ ಉಳಿದ ಚೂರುಗಳನ್ನು ನಲ್ಲಿಯಡಿ ತೊಳೆದು ಚೆಲ್ಲುತ್ತಿದ್ದವಳೂ ಅವಳೇ. ಮುದಿ ಕುರಿ ಇರಬೇಕು, ಗಟ್ಟಿ ಇದೆ ಎಂದುಕೊಂಡು ಚೆಲ್ಲುತ್ತಿದ್ದಳು. ದಪ್ಪ ಚೂರಿನ ನಡುವಿನ ತನಕ ಕಿಣ್ವ ಇಳಿಯುವುದಿಲ್ಲ. ಒಳಗಿದ್ದ ಜೀವಕೋಶಗಳು ಚೂರಿನ ಜೊತೆಗೇ ಚರಂಡಿಗೆ ಹೋಗುತ್ತಿದ್ದವು.

ಮರುದಿನ ಲ್ಯಾಬಿನಲ್ಲಿ ಹಳೆಯ ನೋಟ್‌ಬುಕ್ಕು ತೆಗೆದು ನೋಡಿದಳು. ಎರಡನೇ ಕೀಲಿನ ಲೆಕ್ಕ ಇಳಿಯಲು ಶುರುವಾದ ತಿಂಗಳೂ, ತಾನು ನೋವಿನ ಮುಲಾಮು ಕೊಂಡು ತಂದು ಚೀಲದಲ್ಲಿಟ್ಟುಕೊಂಡ ತಿಂಗಳೂ ಒಂದೇ ಆಗಿತ್ತು.

ಅವಳು ಅಂದು ಹೇಳಲಿಲ್ಲ. ಅದರ ಮಾರನೆಯ ದಿನವೂ ಹೇಳಲಿಲ್ಲ. ಕರಾರು ನವೀಕರಣಕ್ಕೆ ಎರಡು ತಿಂಗಳಿತ್ತು. ಕೈ ಕೆಟ್ಟವಳನ್ನು ಯಾರು ಇಟ್ಟುಕೊಳ್ಳುತ್ತಾರೆ? ಸುಮ್ಮನಿದ್ದರೆ ಕುರಿಯ ತಳಿಯ ಮೇಲೆ ಹೋಗುತ್ತದೆ, ಮಾರ್ಚಿ ಕಳೆಯುತ್ತದೆ. ಬೆಲ್ಟು ಕಟ್ಟಿಕೊಂಡು ಸಂಭಾಳಿಸಬಹುದು. ಬಸ್ಸಿನಲ್ಲಿ ನಿಂತು ಇದನ್ನೇ ತಿರುಗಿಸಿ ಮುರುಗಿಸಿ ಯೋಚಿಸುತ್ತಾ, ಯೋಚಿಸುವುದೂ ಒಂದು ದುಡಿಮೆಯಾಗಿ, ಮೂರನೆಯ ದಿನ ಅವಳಿಗೆ ಸಾಕಾಗಿಹೋಯಿತು. ಧೈರ್ಯ ಬಂತೆಂದು ಹೇಳಲಾಗದು. ಬಚ್ಚಿಟ್ಟುಕೊಂಡು ಇರುವಷ್ಟು ತ್ರಾಣ ಇರಲಿಲ್ಲ, ಅಷ್ಟೇ.

ಕೃತಿಕಾ ಟೀ ಕುಡಿಯುತ್ತಿದ್ದಳು. ದೀಪಶ್ರೀ ನೋಟ್‌ಬುಕ್ಕು ಅವಳ ಮುಂದಿಟ್ಟು, ಪಕ್ಕದಲ್ಲಿ ಕೈಯ ಎಕ್ಸ್‌ರೇ ಇಟ್ಟಳು.

"ಕುರೀದೂ ಅಲ್ಲ, ಜವರಮ್ಮಂದೂ ಅಲ್ಲ ಕೃತಿಕಾ. ಎರಡನೇದು ಕತ್ತರಿಸೋ ಹೊತ್ತಿಗೆ ನನ್ನ ಕೈ ಸೋತಿರುತ್ತೆ. ಚೂರು ದಪ್ಪ ಆಗುತ್ತೆ."

ಕೃತಿಕಾ ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು ನೋಡಿದಳು. "ನಾನೊಂದು ದಿನ ಬಂದು ನಿಮ್ಮ ಪಕ್ಕ ನಿಂತ್ಕೊಂಡಿದ್ರೆ ಗೊತ್ತಾಗ್ತಿತ್ತು ಅಲ್ವಾ ಮೇಡಂ?" ಎಂದಳು. "ಎಂಟು ತಿಂಗಳು ನಾನು ಬರೀ ಅಂಕಿ ನೋಡ್ಕೊಂಡು ಕೂತಿದ್ದೆ."

ಡಾಕ್ಟರ್ ರುದ್ರಮೂರ್ತಿಯವರಿಗೆ ಹೇಳುವಾಗ ಕೃತಿಕಾ ಜೊತೆಗೆ ಬಂದಳು. ಅವರು ಸಿಟ್ಟಾಗಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ಹೇಳೋದು ಸುಲಭ. ಕೈಯೇ ಕಾರಣ ಅನ್ನೋದನ್ನ ತೋರಿಸಿ" ಎಂದರು, ಅಷ್ಟೇ.

ಬೀರೂರಿನ ಮಂಡಿಗಳನ್ನೇ ಇಟ್ಟುಕೊಂಡು ತೋರಿಸುವ ಕೆಲಸಕ್ಕೆ ಆರು ವಾರ ಹಿಡಿಯಿತು. ಮೊದಲನೇ ಕೀಲು ದೀಪಶ್ರೀ, ಎರಡನೆಯದು ಕೃತಿಕಾ. ಎರಡನೆಯದು ಮೇಲೆದ್ದಿತು. ಸರದಿ ತಿರುಗಿಸಿದಾಗ, ದೀಪಶ್ರೀ ಮಧ್ಯಾಹ್ನ ಕತ್ತರಿಸಿದ್ದು ಮತ್ತೆ ಇಳಿಯಿತು. ಆಮೇಲೆ ಒಂದೇ ಕೀಲಿನ ಚೂರುಗಳನ್ನು ಬೇಕೆಂದೇ ದಪ್ಪಗೂ ಸಣ್ಣಗೂ ಕತ್ತರಿಸಿ ಬೇರೆ ಬೇರೆ ಇಟ್ಟರು. ಸಣ್ಣದಕ್ಕೂ ದಪ್ಪದಕ್ಕೂ ಒಂದಕ್ಕೆರಡರ ಅಂತರ ಬಂತು. ಆದರೆ ಬರೀ ಸಣ್ಣಗೆ ಮಾಡಿದರೆ ಬೇರೊಂದು ತೊಂದರೆ. ಕಿಣ್ವದ ಪ್ರಮಾಣ ಹಿಂದಿನಷ್ಟೇ ಇದ್ದರೆ ಬೇಗ ಹೊರಬಂದ ಜೀವಕೋಶಗಳು ಇಡೀ ರಾತ್ರಿ ಅದರಲ್ಲೇ ನೆನೆದು ಸಾಯುತ್ತಿದ್ದವು. ನೀಲಿ ಕುಡಿದವುಗಳೇ ಹೆಚ್ಚು ಕಾಣುತ್ತಿದ್ದವು. ಕಿಣ್ವವನ್ನು ಅರ್ಧಕ್ಕೆ ಇಳಿಸಿದರು. ಜರಡಿಯ ಮೇಲೆ ಉಳಿದದ್ದನ್ನು ಚೆಲ್ಲದೆ, ಹೊಸ ಕಿಣ್ವ ಹಾಕಿ ಇನ್ನೊಮ್ಮೆ ಮೂರು ತಾಸು ಇಡೋಣ ಎಂದಳು ದೀಪಶ್ರೀ. ಚೆಲ್ಲಿದವಳಿಗೆ ಎಷ್ಟು ಚೆಲ್ಲಿದೆ ಎಂಬುದು ಗೊತ್ತಿತ್ತು. ಆ ಉಳಿಕೆಯಿಂದಲೇ ಗ್ರಾಂಗೆ ಒಂಬತ್ತು ಲಕ್ಷ ಸಿಕ್ಕಿತು. ಕೊನೆಯ ವಾರ ಒಟ್ಟು ಲೆಕ್ಕ ನಲವತ್ತೆರಡು ಲಕ್ಷಕ್ಕೆ ಬಂದು ನಿಂತಿತು. ಎರಡು ಕೊಳವೆಯಲ್ಲೂ ಹೆಚ್ಚುಕಡಿಮೆ ಒಂದೇ.

ಕೃತಿಕಾ ಕುಣಿದಾಡುವುದೊಂದು ಬಾಕಿ. ದೀಪಶ್ರೀಗೆ ಕೂರಬೇಕೆನಿಸಿತು. ಆ ಆರು ವಾರದಲ್ಲಿ ಎಣಿಸಿ ಎಣಿಸಿ, ಕಣ್ಣು ಮುಚ್ಚಿದರೂ ಮೈಕ್ರೋಸ್ಕೋಪಿನಡಿಯ ಎಣಿಕೆ ಗಾಜಿನ ಚೌಕಗಳು ಕಾಣುತ್ತಿದ್ದವು.

"ಎಷ್ಟಾಯ್ತೇ ನಿನ್ನ ಲಕ್ಷ?" ಎಂದು ಮನೆಯಲ್ಲಿ ವಿಶಾಲಾಕ್ಷಮ್ಮ ಕೇಳಿದರು. ಅವರ ಮಂಡಿಗೆ ಶಿವಮೊಗ್ಗದಲ್ಲಿ ಲೋಹದ ಕೀಲು ಹಾಕಿ ಹದಿನೈದು ದಿನವಾಗಿತ್ತು. ವಾಕರ್ ಹಿಡಿದು ಹಜಾರದಲ್ಲಿ ಮೂರು ಸುತ್ತು ಹಾಕಿ ಕೂತಿದ್ದರು.

"ನಲವತ್ತೆರಡು."

"ಸಾಲದೇನೇ ಒಂದು ಮಂಡಿಗೆ?"

"ಸಾಲಲ್ಲ ಅತ್ತೆ. ಅದನ್ನ ಇನ್ನೂ ಬೆಳೆಸಬೇಕು. ಬೆಳೆಸಿದ್ರೆ ಅವು ಚಪ್ಪಟೆಯಾಗಿ ಬೇರೆ ಥರದ ಕೋಶ ಆಗಿಬಿಡ್ತವೆ, ಮೃದ್ವಸ್ಥಿ ಮಾಡೋದನ್ನ ಬಿಟ್ಟುಬಿಡ್ತವೆ. ಅದಕ್ಕೇ ಶುರುವಿನಲ್ಲೇ ಜಾಸ್ತಿ ಬೇಕು ಅನ್ನೋದು."

"ಬಿಡು, ನಾನು ಕಬ್ಬಿಣ ಹಾಕಿಸ್ಕೊಂಡಾಯ್ತು" ಎಂದು ಅತ್ತೆ ಕಾಲು ಚಾಚಿದರು. "ನಿನ್ನ ಹೆಬ್ಬೆರಳಿಗಾದ್ರೂ ಆಗುತ್ತೇನೋ ನೋಡು" ಎಂದರು.

ಜವರಮ್ಮನ ಹತ್ತಿರ ಹೋಗುವುದೊಂದು ಉಳಿದಿತ್ತು. ಡಾಕ್ಟರು ಫೋನ್ ಮಾಡಿ ಹೇಳಿದರಾಯಿತು ಎಂದರು. ದೀಪಶ್ರೀ ಒಂದು ಸೋಮವಾರ ತಾನೇ ಹೋದಳು. ಅಂಗಡಿಯ ಮುಂದೆ ಮೂರು ಜನ ಗಿರಾಕಿಗಳಿದ್ದರು. ಅವರು ಹೋಗಲೆಂದು ಕಾದಳು. ಜವರಮ್ಮ ಅವಳನ್ನು ನೋಡಿಯೂ ನೋಡದಂತೆ ಕುರಿಯ ಕಾಲು ಸುಡುತ್ತಿದ್ದಳು.

"ತಪ್ಪು ನಂದೇ ಜವರಮ್ಮ. ನನ್ನ ಕೈ ಕೆಟ್ಟಿತ್ತು. ನಿಮ್ಮ ಮೇಲೆ ಹಾಕಿದ್ವಿ."

ಜವರಮ್ಮ ತಿರುಗಲಿಲ್ಲ. "ಆಯ್ತು ಬುಡಿ."

"ಮತ್ತೆ ಕೊಡ್ತೀರಾ?"

"ಕೊಡ್ದೆ ಏನು. ಅಂಗಡಿ ಇಕ್ಕಿರೋದ್ಯಾಕೆ?" ಎಂದು ಮಚ್ಚು ಒರೆಸಿಕೊಂಡಳು. "ಒಂದು ಮಾತು. ಇನ್ಮೇಲೆ ಕಡಿಯೋವಾಗ ಮಕ ಆ ಕಡೆ ತಿರುಗ್ಸಂಗಿಲ್ಲ. ನೋಡ್ಬೇಕು. ನೋಡಿ, ಟೈಮು ನೀವೇ ಬರ್ಕೊಂಡು, ಸೈನ್ ಹಾಕಿ ಹೋಗ್ಬೇಕು."

ದೀಪಶ್ರೀ ಒಪ್ಪಿಕೊಂಡಳು. ಅಂದಿನಿಂದ ನಿಂತು ನೋಡಿದಳು. ಅಭ್ಯಾಸವಾಗಲು ತಿಂಗಳು ಹಿಡಿಯಿತು. ಮೊದಲ ಎರಡು ಸಲ ಮಧ್ಯಾಹ್ನದ ಬುತ್ತಿಯನ್ನು ಬಿಚ್ಚದೆ ವಾಪಸು ತಂದಳು. ಜವರಮ್ಮ ಮೊದಲಿನ ಹಾಗೆ ಮಾತಾಡಿಸಲಿಲ್ಲ, ಆದರೆ ಒಂದು ಸ್ಟೂಲು ತಂದಿಟ್ಟಳು.

ಮಾರ್ಚಿಯಲ್ಲಿ ವರದಿ ಹೋಯಿತು. ಕರಾರು ಇನ್ನೊಂದು ವರ್ಷಕ್ಕೆ ನವೀಕರಣವಾಯಿತು. ಕತ್ತರಿಸಲು ಶಿವಪ್ರಸಾದ್ ಎಂಬ, ಹಾಲಿನ ಡೈರಿಯ ಲ್ಯಾಬಿನಲ್ಲಿ ಕೆಲಸ ಮಾಡಿ ಬಂದವನನ್ನು ತೆಗೆದುಕೊಂಡರು. ಎಣಿಸುವುದು, ಬರೆಯುವುದು, ಬೆಳೆಯುತ್ತಿರುವ ಜೀವಕೋಶಗಳನ್ನು ನೋಡಿಕೊಳ್ಳುವುದು ದೀಪಶ್ರೀಗೆ. ತಾನು ಬರೆದ ಪ್ರಬಂಧದಲ್ಲಿ ದೀಪಶ್ರೀಯ ಹೆಸರನ್ನು ಲೇಖಕರ ಸಾಲಿನಲ್ಲೇ ಹಾಕಬೇಕೆಂದು ಕೃತಿಕಾ ಹಟ ಹಿಡಿದಳಂತೆ. ಡಾಕ್ಟರು ಯೋಚಿಸೋಣ ಎಂದರಂತೆ. ಏನಾಯಿತೆಂದು ದೀಪಶ್ರೀ ಕೇಳಲು ಹೋಗಲಿಲ್ಲ.

ಶಿವಪ್ರಸಾದನಿಗೆ ಕೆಲಸ ಕಲಿಸುವಾಗ ಮಾತ್ರ ಅವಳು ಗಟ್ಟಿಯಾಗಿದ್ದಳು. ಒಂದು ಕೀಲು ಮುಗಿದರೆ ಅರ್ಧ ಗಂಟೆ ಬ್ಲೇಡು ಮುಟ್ಟುವ ಹಾಗಿಲ್ಲ. ಅವನು "ನಂಗೇನೂ ಆಗಿಲ್ಲ ಮೇಡಂ, ಮುಗಿಸ್ಬಿಡ್ತೀನಿ" ಎಂದರೆ, "ನಂಗೂ ಏನೂ ಆಗಿರ್ಲಿಲ್ಲ ಕಣಪ್ಪ. ಎದ್ದು ಹೋಗಿ ಟೀ ಕುಡ್ಕೊಂಡು ಬಾ" ಎಂದು ಹುಡ್ಡಿನ ಗಾಜು ಕೆಳಗಿಳಿಸುತ್ತಿದ್ದಳು.

ಬೆಳೆಯುವ ಜೀವಕೋಶಗಳಿಗೆ ಮೂರು ದಿನಕ್ಕೊಮ್ಮೆ ಹಳೆಯ ದ್ರವ ತೆಗೆದು ಹೊಸದು ಹಾಕಬೇಕು. ಭಾನುವಾರವೆಂದು ಅವು ಕಾಯುವುದಿಲ್ಲ. ಏಪ್ರಿಲ್‌ನ ಒಂದು ಭಾನುವಾರ ಲ್ಯಾಬಿನ ಬೀಗ ಅವಳೇ ತೆಗೆದಳು. ಕರೆಂಟು ಇತ್ತು, ಅದೇ ಸಮಾಧಾನ. ಬಲಗೈಗೆ ಬೆಲ್ಟು ಕಟ್ಟಿಕೊಂಡು, ಎಡಗೈಯಲ್ಲಿ ಪಿಪೆಟ್ ಹಿಡಿದು, ಹದಿನಾರು ಪಾತ್ರೆಗಳಿಗೆ ಒಂದೊಂದಾಗಿ ಗುಲಾಬಿ ಬಣ್ಣದ ದ್ರವ ತುಂಬಿದಳು. ಎಡಗೈ ಇನ್ನೂ ಪೂರ್ತಿ ಪಳಗಿರಲಿಲ್ಲ. ಒಂದು ಗಂಟೆಯ ಕೆಲಸಕ್ಕೆ ಎರಡು ಗಂಟೆ ಆಯಿತು. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಆರು ಪಾತ್ರೆಗಳಲ್ಲಿ ಜೀವಕೋಶಗಳು ಇನ್ನೂ ದುಂಡಗಿದ್ದವು, ಮಿಕ್ಕವುಗಳಲ್ಲಿ ಚಪ್ಪಟೆಯಾಗತೊಡಗಿದ್ದವು. ಇದ್ದದ್ದನ್ನು ಇದ್ದ ಹಾಗೆ ಬರೆದಳು. ಬಾಗಿಲು ಹಾಕಿ ಹೊರಗೆ ಬಂದಾಗ ಬಿಸಿಲು ನೆತ್ತಿಗೇರಿತ್ತು. ಬೀರೂರಿನ ಬಸ್ಸು ಖಾಲಿ ಇತ್ತು. ಕಿಟಕಿಯ ಪಕ್ಕ ಕೂತು, ಚೀಲವನ್ನು ತೊಡೆಯ ಮೇಲಿಟ್ಟು, ಟಿಕೆಟ್ಟು ಕೊಳ್ಳುವ ಮೊದಲೇ ಅವಳಿಗೆ ನಿದ್ದೆ ಹತ್ತಿತು.